ಬೇರೆ ಡೀಲರ್ ಹತ್ತಿರ ಇರುವ ಕಾರನ್ನು ನಿಮಗಾಗಿ ತರಿಸಿದರೆ ಖರ್ಚು ಯಾರದ್ದು?

"ಸರ್, ನೀವು ಕೇಳಿದ ಕಲರ್ ನಮ್ಮ ಸ್ಟಾಕ್‌ನಲ್ಲಿಲ್ಲ. ಮೈಸೂರಿನ ಡೀಲರ್ ಹತ್ತಿರ ಒಂದು ಗಾಡಿ ಇದೆ. ತರಿಸಿಕೊಡ್ತೀವಿ, ಆದ್ರೆ ಟ್ರಾನ್ಸ್‌ಫರ್ ಚಾರ್ಜ್ ಆಗುತ್ತೆ."

ಬೆಂಗಳೂರಿನಲ್ಲಿ ಹೊಸ ಕಾರು ಕೊಳ್ಳಲು ಹೊರಟವರು ಈ ಮಾತನ್ನು ಕೇಳಿಯೇ ಇರುತ್ತಾರೆ. ಕೊಟೇಶನ್ ಹಾಳೆಯಲ್ಲಿ ಎಕ್ಸ್-ಶೋರೂಮ್ ಬೆಲೆ (ರಿಜಿಸ್ಟ್ರೇಶನ್, ಇನ್ಶೂರೆನ್ಸ್ ಸೇರಿಸುವ ಮೊದಲಿನ ಬೆಲೆ), ರಾಜ್ಯಕ್ಕೆ ಒಂದೇ ಸಲ ಕಟ್ಟುವ ಲೈಫ್ ಟೈಮ್ ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್ಯಾಗ್ ಎಲ್ಲವೂ ಅಚ್ಚಾಗಿರುತ್ತವೆ. ಅದರ ಕೆಳಗೆ ಪೆನ್ನಿನಲ್ಲಿ ಬರೆದ ಒಂದು ಸಾಲು: ಲಾಜಿಸ್ಟಿಕ್ಸ್, 12,500. ಕೆಲವರು ಅದನ್ನೇ ಹ್ಯಾಂಡ್ಲಿಂಗ್ ಎನ್ನುತ್ತಾರೆ, ಕೆಲವರು ಡಿಪೋ ಚಾರ್ಜ್ ಎನ್ನುತ್ತಾರೆ. ಹತ್ತು ಹದಿನೈದು ಲಕ್ಷದ ವ್ಯವಹಾರದಲ್ಲಿ ಹನ್ನೆರಡು ಸಾವಿರ ಯಾವ ಲೆಕ್ಕ ಎಂದುಕೊಂಡು ನಾವು ತಲೆಯಾಡಿಸಿಬಿಡುತ್ತೇವೆ. ಆ ಹಣ ನಿಜವಾಗಿ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಬಿಡಿಸಿ ನೋಡಿದರೆ, ತಲೆಯಾಡಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ.

ಮೊದಲು ಒಂದು ವಿಷಯ ಗೊತ್ತಿರಲಿ. ಶೋರೂಮಿನ ಬೋರ್ಡಿನ ಮೇಲೆ ಕಂಪನಿಯ ಹೆಸರು ಇರುತ್ತದೆ ನಿಜ. ಆದರೆ ಡೀಲರ್ ಬೇರೆ, ಕಂಪನಿ ಬೇರೆ. ಡೀಲರ್ ಕಂಪನಿಯಿಂದ ಕಾರನ್ನು ಹಣ ಕೊಟ್ಟು ಕೊಳ್ಳುತ್ತಾನೆ, ಹೆಚ್ಚಾಗಿ ಬ್ಯಾಂಕ್ ಸಾಲದಲ್ಲಿ. ಹಾಗಾಗಿ ಮೈಸೂರಿನ ಯಾರ್ಡಿನಲ್ಲಿ ನಿಂತಿರುವ ಕಾರು ಮೈಸೂರಿನ ಡೀಲರ್‌ನ ಸ್ವತ್ತು. ಬೆಂಗಳೂರಿನ ಡೀಲರ್‌ಗೆ ಅದು ಬೇಕಾದರೆ ಅವನಿಂದ ಕೊಂಡುಕೊಳ್ಳಬೇಕು. ಇಬ್ಬರ ನಡುವೆ ಜಿಎಸ್‌ಟಿ ಬಿಲ್ ಆಗಬೇಕು, ಕಂಪನಿಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಆ ಚಾಸಿ ನಂಬರ್ (ಪ್ರತಿ ಕಾರಿಗೂ ಬೇರೆಯಾಗಿರುವ ಗುರುತಿನ ನಂಬರ್) ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೋಗಬೇಕು. ಎರಡೂ ಶೋರೂಮ್ ಒಬ್ಬನೇ ಮಾಲೀಕನದ್ದಾಗಿದ್ದು, ಒಂದೇ ರಾಜ್ಯದ ಒಂದೇ ಜಿಎಸ್‌ಟಿ ನಂಬರಿನಲ್ಲಿದ್ದರೆ ಇದ್ಯಾವುದೂ ಬೇಡ. ಒಂದು ಡೆಲಿವರಿ ಚಲನ್ ಮತ್ತು ಸರಕು ಸಾಗಿಸಲು ಬೇಕಾದ ಆನ್‌ಲೈನ್ ದಾಖಲೆಯಾದ ಇ-ವೇ ಬಿಲ್ ಸಾಕು. ಆದ್ದರಿಂದ "ಆ ಶೋರೂಮೂ ನಿಮ್ಮದೇನಾ?" ಎಂದು ಮೊದಲೇ ಕೇಳಿಬಿಡಿ. ಹೌದು ಎಂದರೆ ಟ್ರಾನ್ಸ್‌ಫರ್ ಚಾರ್ಜ್ ಎಂಬ ಮಾತಿಗೆ ಬಲವೇ ಇಲ್ಲ. ಅವರ ಒಂದು ಗೋಡೌನಿನಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವ ಖರ್ಚು ಅವರದ್ದೇ.

ಇಬ್ಬರು ಬೇರೆ ಬೇರೆ ಡೀಲರ್‌ಗಳು ಎಂದೇ ಇಟ್ಟುಕೊಂಡು, 11.5 ಲಕ್ಷ ಎಕ್ಸ್-ಶೋರೂಮ್ ಬೆಲೆಯ ಪೆಟ್ರೋಲ್ ಕಾರೊಂದು ಮೈಸೂರಿನಿಂದ ಬೆಂಗಳೂರಿಗೆ ಬರಬೇಕು ಎಂದುಕೊಳ್ಳೋಣ. ದೂರ ಸುಮಾರು 145 ಕಿಲೋಮೀಟರ್. ಲೀಟರಿಗೆ 16 ಕಿ.ಮೀ. ಕೊಟ್ಟರೂ ಒಂಬತ್ತು ಲೀಟರ್ ಪೆಟ್ರೋಲ್, ಅಂದರೆ ಸಾವಿರ ರೂಪಾಯಿಯ ಒಳಗೆ. ಎಕ್ಸ್‌ಪ್ರೆಸ್‌ವೇ ಟೋಲ್ ಮುನ್ನೂರು ಚಿಲ್ಲರೆ. ಡ್ರೈವರ್‌ಗೆ ಒಂದು ದಿನದ ಬಾಟಾ ಸಾವಿರವೋ ಸಾವಿರದ ಐನೂರೋ. ಬೆಂಗಳೂರಿನಿಂದ ಅವನನ್ನು ಕಳಿಸುವುದಾದರೆ ಹೋಗುವಾಗಿನ ಬಸ್ ಚಾರ್ಜ್ ಬೇರೆ. ಎಲ್ಲ ಸೇರಿಸಿದರೂ ಮೂರು ಸಾವಿರದ ಆಸುಪಾಸು. ಕಾರಿನ ಬೆಲೆ 50,000 ರೂಪಾಯಿಗಿಂತ ಜಾಸ್ತಿ ಇರುವುದರಿಂದ ಇ-ವೇ ಬಿಲ್ ಬೇಕೇ ಬೇಕು. ಅದನ್ನು ಆನ್‌ಲೈನಿನಲ್ಲಿ ಮಾಡಿಕೊಳ್ಳಬಹುದು, ಶುಲ್ಕವಿಲ್ಲ.

ರಿಜಿಸ್ಟ್ರೇಶನ್ ಆಗದ ಕಾರನ್ನು ರಸ್ತೆಯಲ್ಲಿ ಓಡಿಸಬಹುದೇ? ಡೀಲರ್‌ಗೆ ಆರ್‌ಟಿಒ ಕೊಡುವ ಟ್ರೇಡ್ ಸರ್ಟಿಫಿಕೇಟ್ ಇದ್ದರೆ ಓಡಿಸಬಹುದು. ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ನಂಬರ್ ಪ್ಲೇಟ್ ನೋಡಿದ್ದೀರಲ್ವಾ, ಅದೇ ಇದು. ಟೆಸ್ಟ್ ಡ್ರೈವ್‌ಗೆ, ಆರ್‌ಟಿಒಗೆ ಕೊಂಡೊಯ್ಯಲು, ಡೆಲಿವರಿಗಾಗಿ ಒಬ್ಬ ಡೀಲರ್‌ನ ಜಾಗದಿಂದ ಇನ್ನೊಬ್ಬನ ಜಾಗಕ್ಕೆ ಸಾಗಿಸಲು ಅದನ್ನು ಬಳಸಬಹುದು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ದಾರಿಯಲ್ಲಿ ಏನಾದರೂ ಆದರೆ ಅದಕ್ಕೆಂದೇ ಡೀಲರ್‌ಗಳು ಮೋಟಾರ್ ಟ್ರೇಡ್ ಪಾಲಿಸಿ ತೆಗೆದುಕೊಂಡಿರುತ್ತಾರೆ. ಇವೆರಡೂ ಅವರ ಅಂಗಡಿಯ ವರ್ಷಪೂರ್ತಿ ಖರ್ಚು. ನಿಮ್ಮ ಒಂದು ಕಾರಿಗೆ ಅಂತ ಹೊಸದಾಗಿ ಏನೂ ಆಗುವುದಿಲ್ಲ.

ಕಾರು ಓಡಿಸಿಕೊಂಡು ಬರುವುದು ಬೇಡ, ಟ್ರಕ್ ಮೇಲೆ ಹೇರಿಕೊಂಡೇ ಬರಲಿ ಎಂದರೆ ಖರ್ಚು ಏರುತ್ತದೆ. ಒಂದೇ ಕಾರು ಹೊರುವ ಫ್ಲಾಟ್‌ಬೆಡ್ ಗಾಡಿಗೆ ಹೋಗಿ ಬರುವ ಎರಡೂ ದಾರಿಯ ಬಾಡಿಗೆ ಬೀಳುತ್ತದೆ. ಮೈಸೂರಿಗೆ ಅದು ಏಳೆಂಟು ಸಾವಿರ ದಾಟಬಹುದು. ಹುಬ್ಬಳ್ಳಿಯಿಂದ ತರಿಸಿದರೆ ದೂರವೇ 400 ಕಿ.ಮೀ. ಮೀರುತ್ತದೆ, ಬಾಡಿಗೆಯೂ ಅದಕ್ಕೆ ತಕ್ಕಂತೆ. ಇಂಥ ಕಡೆ ಡೀಲರ್ ಹಣ ಕೇಳುವುದರಲ್ಲಿ ನ್ಯಾಯವಿದೆ, ನನಗೂ ಒಪ್ಪಿಗೆಯಿದೆ. ಹುಬ್ಬಳ್ಳಿಯಿಂದ ಓಡಿಸಿಕೊಂಡು ಬಂದರೆ ನಿಮ್ಮ ಹೊಸ ಕಾರಿನ ಮೀಟರ್ ಮೊದಲ ದಿನವೇ 400 ದಾಟಿರುತ್ತದೆ. ಮೊದಲ ಸರ್ವಿಸ್‌ನ ಸಾವಿರ ಕಿಲೋಮೀಟರಿನಲ್ಲಿ ಹತ್ತಿರ ಹತ್ತಿರ ಅರ್ಧ! ಅದೂ ನಿಮಗೆ ಗುರುತಿಲ್ಲದ ಡ್ರೈವರ್ ಕೈಯಲ್ಲಿ, ಎಂಜಿನ್ ಇನ್ನೂ ಹದಕ್ಕೆ ಬರುತ್ತಿರುವ ಹೊತ್ತಿನಲ್ಲಿ. ಅಂಥ ದೂರಕ್ಕೆ ಟ್ರಕ್ಕೇ ವಾಸಿ. ಅದಕ್ಕೆ ಒಂದಿಷ್ಟು ಹಣ ಕೊಡುವುದೂ ತಪ್ಪಲ್ಲ. ಆದರೆ ಓಡಿಸಿಕೊಂಡು ಬಂದು ಟ್ರಕ್ಕಿನ ಬಾಡಿಗೆ ವಸೂಲಿ ಮಾಡಬಾರದು ಅಷ್ಟೆ.

ಇನ್ನು ತೆರಿಗೆ. "ಎರಡು ಸಲ ಬಿಲ್ ಆಗುತ್ತೆ ಸರ್, ಅದಕ್ಕೇ ಟ್ಯಾಕ್ಸ್ ಜಾಸ್ತಿ" ಎಂಬ ಮಾತೂ ಕೇಳಿಬರುತ್ತದೆ. ಇದು ಸರಿಯಲ್ಲ. ಮೈಸೂರಿನ ಡೀಲರ್ ಹಾಕುವ ಜಿಎಸ್‌ಟಿಯನ್ನು ಬೆಂಗಳೂರಿನ ಡೀಲರ್ ಇನ್‌ಪುಟ್ ಕ್ರೆಡಿಟ್ ಆಗಿ, ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು ಹೊಂದಿಸಿಕೊಳ್ಳುತ್ತಾನೆ. ನಿಮ್ಮ ಅಂತಿಮ ಬಿಲ್ಲಿನ ಮೇಲೆ ಬೀಳುವ ತೆರಿಗೆ ಒಂದೇ ಸಲದ್ದು. ಕಾರು ಪಕ್ಕದ ರಾಜ್ಯದಿಂದ ಬಂದರೂ ಅಷ್ಟೇ, ಆಗ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ಜಿಎಸ್‌ಟಿಯಾದ ಐಜಿಎಸ್‌ಟಿ ಹಾಕುತ್ತಾರೆ, ಅದಕ್ಕೂ ಕ್ರೆಡಿಟ್ ಸಿಗುತ್ತದೆ.

ಹೆಚ್ಚಿನವರು ಗಮನಿಸದ ಒಂದು ವಿಷಯ ಇಲ್ಲಿದೆ. ಸರಕನ್ನು ಗಿರಾಕಿಗೆ ಒಪ್ಪಿಸುವ ಮೊದಲು, ಆ ಸರಕಿಗಾಗಿ ಮಾಡಿದ ಯಾವುದೇ ಕೆಲಸಕ್ಕೆ ಮಾರುವವನು ಹಣ ತೆಗೆದುಕೊಂಡರೆ ಅದು ಸರಕಿನ ಬೆಲೆಯ ಭಾಗವೇ ಎಂದು ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಅಂದರೆ ಟ್ರಾನ್ಸ್‌ಫರ್ ಚಾರ್ಜ್ ತೆಗೆದುಕೊಳ್ಳುವುದಾದರೆ ಅದನ್ನು ಬಿಲ್ಲಿನಲ್ಲಿ ತೋರಿಸಿ, ಕಾರಿಗಿರುವ ದರದಲ್ಲೇ ತೆರಿಗೆ ಕಟ್ಟಬೇಕು. 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್‌ನ ಸಣ್ಣ ಕಾರುಗಳಿಗೆ ಶೇ. 18, ದೊಡ್ಡವಕ್ಕೆ ಶೇ. 40 ಜಿಎಸ್‌ಟಿ. ಹತ್ತು ಸಾವಿರದ ಚಾರ್ಜ್ ಮೇಲೆ 1,800 ಅಥವಾ 4,000 ರೂಪಾಯಿ ತೆರಿಗೆ ಆಯಿತು. ಜೊತೆಗೆ ಕಾರಿನ ಬಿಲ್ಲಿನ ಮೊತ್ತ ಏರಿದರೆ, ಅದರ ಮೇಲೆ ಲೆಕ್ಕ ಹಾಕುವ ಲೈಫ್ ಟೈಮ್ ಟ್ಯಾಕ್ಸೂ ಏರಬೇಕಾಗುತ್ತದೆ. ಈ ತಲೆನೋವೇ ಬೇಡ ಅಂತ ಕೆಲವರು ಆ ಮೊತ್ತವನ್ನು ಬಿಲ್ಲಿನ ಹೊರಗೆ, ನಗದಾಗಿಯೋ ಬೇರೊಂದು ರಸೀದಿಯಲ್ಲೋ ಕೇಳುತ್ತಾರೆ. ಪೆನ್ನಿನಲ್ಲಿ ಬರೆದ ಆ ಸಾಲು ಕಂಡಾಗ ಕೇಳಬೇಕಾದದ್ದು ಒಂದೇ ಮಾತು: "ಇದನ್ನ ಜಿಎಸ್‌ಟಿ ಬಿಲ್ಲಿನಲ್ಲಿ ಹಾಕಿ ಕೊಡ್ತೀರಾ?" ಎಷ್ಟೋ ಸಲ ಈ ಒಂದು ಪ್ರಶ್ನೆಗೇ ಚಾರ್ಜ್ ಅರ್ಧವಾಗುತ್ತದೆ, ಇಲ್ಲವೇ ಮಾಯವಾಗುತ್ತದೆ.

ಹ್ಯಾಂಡ್ಲಿಂಗ್ ಚಾರ್ಜ್ ವಿಷಯ ಹಳೆಯದು. ಕಂಪನಿಯ ಯಾರ್ಡಿನಿಂದ ಶೋರೂಮಿಗೆ ತರುವುದು, ತೊಳೆಯುವುದು, ಡೆಲಿವರಿಗೆ ಮೊದಲು ಪರೀಕ್ಷೆ ಮಾಡುವುದು, ಇವೆಲ್ಲಕ್ಕೂ ಸೇರಿಸಿಯೇ ಕಂಪನಿ ಡೀಲರ್‌ಗೆ ಮಾರ್ಜಿನ್ ಕೊಡುತ್ತದೆ. ಕಾರ್ಖಾನೆಯಿಂದ ಬರುವ ಸಾಗಣೆ ಖರ್ಚೂ ಎಕ್ಸ್-ಶೋರೂಮ್ ಬೆಲೆಯ ಒಳಗೇ ಇರುತ್ತದೆ. ಅದರ ಮೇಲೆ ಗಿರಾಕಿಯಿಂದ ಮತ್ತೆ ಹಣ ಕೇಳಬಾರದು ಎಂದು ಕೇರಳ, ಮಹಾರಾಷ್ಟ್ರದಂಥ ರಾಜ್ಯಗಳ ಸಾರಿಗೆ ಇಲಾಖೆಗಳು ಡೀಲರ್‌ಗಳಿಗೆ ತಾಕೀತು ಮಾಡಿವೆ. ಟ್ರಾನ್ಸ್‌ಫರ್ ಚಾರ್ಜ್ ಇದಕ್ಕಿಂತ ಸ್ವಲ್ಪ ಬೇರೆ, ಏಕೆಂದರೆ ಇಲ್ಲಿ ನಿಜವಾಗಿಯೂ ಒಂದು ಹೆಚ್ಚುವರಿ ಪ್ರಯಾಣ ಇದೆ. ಆದರೆ ಎರಡನ್ನೂ ಕಲಸಿ ಒಂದೇ ಮೊತ್ತ ಹೇಳಿದಾಗ ಯಾವುದು ಯಾವುದೆಂದು ಬಿಡಿಸಿ ಕೇಳಲೇಬೇಕು.

ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಬೆಲೆಪಟ್ಟಿ ಅಂಟಿಸಲೇಬೇಕೆಂದು 1958ರಲ್ಲೇ ಕಾಯ್ದೆ ಬಂತು. ಅದನ್ನು ತಂದ ಸೆನೆಟರ್ ಮೈಕ್ ಮನ್ರೋನಿ ಅವರ ಹೆಸರೇ ಆ ಚೀಟಿಗೆ ಬಿದ್ದಿದೆ. ಡೀಲರ್‌ವರೆಗಿನ ಸಾಗಣೆಗೆ ಎಷ್ಟು ಎಂಬುದೂ ಅದರಲ್ಲಿ ಅಚ್ಚಾಗಿರಬೇಕು. ಒಬ್ಬ ಡೀಲರ್‌ನಿಂದ ಇನ್ನೊಬ್ಬನಿಗೆ ತರಿಸುವ ಖರ್ಚು ಅಲ್ಲಿಯೂ ಚೌಕಾಸಿಯ ಮಾತೇ. ಆದರೆ ಸಾಗಣೆಯ ಹಣ ಆಗಲೇ ಕೊಟ್ಟಾಗಿದೆ ಎಂದು ಗಿರಾಕಿ ಬೆರಳಿಟ್ಟು ತೋರಿಸಬಹುದು. ನಮ್ಮಲ್ಲಿ ಅಂಥ ಚೀಟಿ ಇಲ್ಲ, ಬಾಯಿಬಿಟ್ಟು ಕೇಳಿಯೇ ತಿಳಿದುಕೊಳ್ಳಬೇಕು.

ಇಷ್ಟಾದರೂ ಮೂರು ಸಾವಿರ, ಎಂಟು ಸಾವಿರ, ಹನ್ನೆರಡು ಸಾವಿರ ಇವ್ಯಾವುವೂ ಈ ವ್ಯವಹಾರದ ದೊಡ್ಡ ಖರ್ಚಲ್ಲ. ದೊಡ್ಡ ಖರ್ಚು ಕೊಟೇಶನ್ನಿನಲ್ಲಿ ಕಾಣುವುದೇ ಇಲ್ಲ. ಅದು ಕೈತಪ್ಪುವ ಡಿಸ್ಕೌಂಟ್.

ಡೀಲರ್ ಕೊಡುವ ಡಿಸ್ಕೌಂಟಿನಲ್ಲಿ ಎರಡು ಭಾಗ. ಒಂದು ಕಂಪನಿಯ ಆಫರ್, ಇನ್ನೊಂದು ಡೀಲರ್ ತನ್ನ ಮಾರ್ಜಿನ್ನಿನಲ್ಲಿ ಬಿಟ್ಟುಕೊಡುವುದು. ನಮ್ಮ ಕಾರಿನ ಮೇಲೆ ಡೀಲರ್‌ಗೆ 40 ಸಾವಿರ ಮಾರ್ಜಿನ್ ಇದೆ ಎಂದುಕೊಳ್ಳಿ. ತನ್ನದೇ ಸ್ಟಾಕ್ ಆಗಿದ್ದರೆ ಅದರಲ್ಲಿ 15 ಸಾವಿರ ನಿಮಗೆ ಬಿಟ್ಟುಕೊಟ್ಟು ಗಾಡಿ ಮಾರುತ್ತಾನೆ. ಮೈಸೂರಿನಿಂದ ತರಿಸಿದ ಕಾರಾದರೆ ಆ 40 ಸಾವಿರದಲ್ಲಿ ಮೈಸೂರಿನವನು ತನ್ನ ಪಾಲು ಇಟ್ಟುಕೊಂಡೇ ಕೊಡುತ್ತಾನೆ. ಹತ್ತು ಸಾವಿರ ಇಟ್ಟುಕೊಂಡ ಎನ್ನೋಣ. ಆಗ ಬೆಂಗಳೂರಿನ ಡೀಲರ್ "ಬೇರೆ ಸ್ಟಾಕ್ ಸರ್, ಐದು ಸಾವಿರಕ್ಕಿಂತ ಜಾಸ್ತಿ ಆಗಲ್ಲ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನ ಕೈಯಲ್ಲಿ ಉಳಿದಿರುವುದೇ ಕಮ್ಮಿ. ಆದರೆ ಇದರ ಮೇಲೆ 12,500 ಟ್ರಾನ್ಸ್‌ಫರ್ ಚಾರ್ಜನ್ನೂ ಹಾಕಿದರೆ ನಿಮಗೆ ಬಿದ್ದ ಹೊರೆ 22,500. ಡ್ರೈವರ್, ಪೆಟ್ರೋಲ್, ಟೋಲ್ ಸೇರಿ ಆದ ನಿಜವಾದ ಖರ್ಚು ಮೂರು ಸಾವಿರ. ಆದ್ದರಿಂದ ಚಾರ್ಜ್ ಎಷ್ಟು ಎಂದು ಮಾತ್ರ ಕೇಳಬೇಡಿ. ಇದೇ ಕಾರು ನಿಮ್ಮ ಯಾರ್ಡಿನಲ್ಲೇ ಇದ್ದಿದ್ದರೆ ಆನ್-ರೋಡ್ ಬೆಲೆ, ಅಂದರೆ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿದ ಬೆಲೆ, ಎಷ್ಟಾಗುತ್ತಿತ್ತು ಎಂದೂ ಕೇಳಿ. ಎರಡರ ನಡುವಿನ ವ್ಯತ್ಯಾಸವೇ ಟ್ರಾನ್ಸ್‌ಫರ್‌ನ ನಿಜವಾದ ಖರ್ಚು.

ಮೈಸೂರಿನ ಡೀಲರ್‌ಗೂ ಆ ಕಾರು ಹೋದರೆ ಲಾಭವೇ. ಆ ಕಾರು ಕೊಳ್ಳಲು ಅವನು ಮಾಡಿದ ಹತ್ತು ಲಕ್ಷ ಸಾಲದ ಮೇಲೆ ಶೇ. 9 ಬಡ್ಡಿ ಹಿಡಿದರೆ ವರ್ಷಕ್ಕೆ 90 ಸಾವಿರ, ದಿನಕ್ಕೆ ಸುಮಾರು 250 ರೂಪಾಯಿ. ಎರಡು ತಿಂಗಳಿಂದ ಬಿಸಿಲಿನಲ್ಲಿ ನಿಂತ ಕಾರಿನ ಮೇಲೆ ಆಗಲೇ 15 ಸಾವಿರ ಕರಗಿರುತ್ತದೆ. 2024ರ ಸೆಪ್ಟೆಂಬರಿನಲ್ಲಿ ದೇಶದ ಡೀಲರ್‌ಗಳ ಬಳಿ 80ರಿಂದ 85 ದಿನಕ್ಕಾಗುವಷ್ಟು, ಸುಮಾರು 79,000 ಕೋಟಿ ರೂಪಾಯಿಯ ಕಾರುಗಳು ಬಿದ್ದಿದ್ದವು ಎಂದು ಡೀಲರ್‌ಗಳ ಒಕ್ಕೂಟವಾದ ಫಾಡಾ ಹೇಳಿತ್ತು. ಅಂಥ ಹೊತ್ತಿನಲ್ಲಿ ಡೀಲರ್‌ಗಳು ಕಾರನ್ನು ಒಬ್ಬರಿಗೊಬ್ಬರು ಖುಷಿಯಿಂದಲೇ ಕೊಡುತ್ತಾರೆ, ಚೌಕಾಸಿಯ ಬಲ ನಿಮ್ಮ ಕಡೆ ಇರುತ್ತದೆ. ಹೊಸದಾಗಿ ಬಿಡುಗಡೆಯಾಗಿ ತಿಂಗಳುಗಟ್ಟಲೆ ಕಾಯಿಸುವ ಮಾಡೆಲ್ ಆದರೆ ಕಥೆ ಉಲ್ಟಾ. ಅದನ್ನು ಯಾರೂ ಬಿಟ್ಟುಕೊಡುವುದಿಲ್ಲ.

ನಿಂತ ಕಾರು ಎಂದಾಗ ಇನ್ನೊಂದು ಎಚ್ಚರ ಬೇಕು. ಬೇರೆ ಊರಿನಲ್ಲಿ ಮಾರಾಟವಾಗದೆ ಉಳಿದ ಬಣ್ಣವೋ ವೇರಿಯಂಟೋ ನಿಮ್ಮ ಪಾಲಿಗೆ ಬರುತ್ತಿರಬಹುದು. ತಯಾರಾದ ತಿಂಗಳು, ವರ್ಷ ಕಂಪನಿ ಕೊಡುವ ಫಾರ್ಮ್ 22ರಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 2325 ಎಂದಿದ್ದರೆ 2025ರ 23ನೇ ವಾರದ ಟೈರ್. ಕಾರು ಹೊರಡುವ ಮೊದಲೇ ಚಾಸಿ ನಂಬರ್ ಮತ್ತು ಮೀಟರ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಬಂದ ಮೇಲೆ ಅದೇ ನಂಬರ್ ತಾನೇ, ಮೀಟರ್ ಎಷ್ಟು ಓಡಿದೆ ನೋಡಿ. 145ರ ಬದಲು 260 ಇದ್ದರೆ ಎಲ್ಲೆಲ್ಲಿ ಸುತ್ತಿಸಿದ್ದೀರಿ ಎಂದು ಕೇಳುವ ಹಕ್ಕು ನಿಮ್ಮದು. ಮುಂದಿನ ಗಾಜು, ಬಾನೆಟ್ ಅಂಚು, ಬಂಪರ್ ಕೆಳಭಾಗ ಇವನ್ನು ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಹೆದ್ದಾರಿಯಲ್ಲಿ ಕಲ್ಲು ಸಿಡಿದರೆ ಗುರುತು ಬೀಳುವುದು ಅಲ್ಲೇ. ಇದೆಲ್ಲ ರಿಜಿಸ್ಟ್ರೇಶನ್‌ಗೆ ಮೊದಲು ಆಗಬೇಕು. ನಿಮ್ಮ ಹೆಸರಿಗೆ ನಂಬರ್ ಬಿದ್ದ ಮೇಲೆ ಕಾರು ಬೇಡ ಎನ್ನುವುದು ತುಂಬ ಕಷ್ಟ.

ಹಾಗಾದರೆ ನಾವೇ ಮೈಸೂರಿಗೆ ಹೋಗಿ ಅಲ್ಲೇ ಕೊಂಡರೆ? ಒಂದೇ ರಾಜ್ಯದೊಳಗೆ ಇದು ನಿಜಕ್ಕೂ ಒಳ್ಳೆಯ ದಾರಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ನೀವು ವಾಸವಿರುವ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ರಿಜಿಸ್ಟರ್ ಮಾಡಿಸಬಹುದು. ಲೈಫ್ ಟೈಮ್ ಟ್ಯಾಕ್ಸೂ ರಾಜ್ಯಕ್ಕೆಲ್ಲ ಒಂದೇ. ಕೆಎ-09 ಆದರೇನು, ಕೆಎ-05 ಆದರೇನು. ಮಾರ್ಜಿನ್ ಇಬ್ಬರ ನಡುವೆ ಹಂಚಿಹೋಗುವುದಿಲ್ಲವಾದ್ದರಿಂದ ಡಿಸ್ಕೌಂಟ್ ಕೂಡ ಉಳಿಯುತ್ತದೆ. ತೊಡಕು ಒಂದೇ. ಕೆಲವು ಕಂಪನಿಗಳು ಡೀಲರ್‌ಗಳಿಗೆ ಊರು ಹಂಚಿಕೊಟ್ಟಿರುತ್ತವೆ, ಬೇರೆ ಊರಿನ ವಿಳಾಸದವರಿಗೆ ಮಾರಲು ಅವರು ಹಿಂದೆಮುಂದೆ ನೋಡುತ್ತಾರೆ. ಫೋನ್ ಮಾಡಿ ಕೇಳಿಯೇ ಹೊರಡಿ.

ಹೊಸೂರಿನಿಂದಲೋ ಕಾಸರಗೋಡಿನಿಂದಲೋ ಕೊಳ್ಳುವ ಯೋಚನೆ ಇದ್ದರೆ ಅಷ್ಟು ಸಲೀಸಲ್ಲ. ಕಾರು ಇಲ್ಲಿ ಓಡುವುದಾದರೆ ತೆರಿಗೆ ಇಲ್ಲಿಯದೇ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 17 ತೆರಿಗೆ, ಆ ತೆರಿಗೆಯ ಮೇಲೆ ಶೇ. 11 ಸೆಸ್. 11.5 ಲಕ್ಷದ ಕಾರಿಗೆ ತೆರಿಗೆ 1,95,500, ಸೆಸ್ 21,505, ಒಟ್ಟು 2,17,005 ರೂಪಾಯಿ. ಅಲ್ಲಿ ತಾತ್ಕಾಲಿಕ ರಿಜಿಸ್ಟ್ರೇಶನ್ ಮಾಡಿಸಿ ತಂದು, ಇಲ್ಲಿ ಆರ್‌ಟಿಒ ಕೆಲಸವನ್ನು ನೀವೇ ಓಡಾಡಿ ಮುಗಿಸಬೇಕು. ಎಕ್ಸ್-ಶೋರೂಮ್ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಈ ಓಡಾಟ ಗಿಟ್ಟುವುದಿಲ್ಲ. ಹತ್ತು ಲಕ್ಷ ಮೀರಿದ ಕಾರಿಗೆ ಬಿಲ್ಲಿನಲ್ಲಿ ಕಾಣುವ ಶೇ. 1 ಟಿಸಿಎಸ್ (ಮಾರುವವನು ನಿಮ್ಮಿಂದ ವಸೂಲಿ ಮಾಡಿ ನಿಮ್ಮ ಹೆಸರಿನಲ್ಲಿ ಕಟ್ಟುವ ಆದಾಯ ತೆರಿಗೆ) ಎಲ್ಲಿ ಕೊಂಡರೂ ಇದ್ದದ್ದೇ. ಅದು ಟ್ರಾನ್ಸ್‌ಫರ್‌ಗೆ ಸಂಬಂಧಪಟ್ಟದ್ದಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಈ ಸಮಸ್ಯೆಯೇ ಇಲ್ಲದ ಮಾರಾಟ ಪದ್ಧತಿಯೂ ಇದೆ. ಮರ್ಸಿಡಿಸ್-ಬೆಂಜ್ 2021ರ ಅಕ್ಟೋಬರಿನಲ್ಲಿ ಭಾರತದಲ್ಲಿ ಇದನ್ನು ಜಾರಿಗೆ ತಂದಿತು. ಅಲ್ಲಿ ಸ್ಟಾಕ್ ಎಲ್ಲ ಕಂಪನಿಯದ್ದೇ, ಬಿಲ್ ಮಾಡುವುದೂ ಕಂಪನಿಯೇ. ಡೀಲರ್ ಕಾರು ತೋರಿಸುತ್ತಾನೆ, ಡೆಲಿವರಿ ಕೊಡುತ್ತಾನೆ, ಸರ್ವಿಸ್ ನೋಡಿಕೊಳ್ಳುತ್ತಾನೆ. ಯಾವ ಊರಿನ ಶೋರೂಮಿಗೆ ಹೋದರೂ ಎಕ್ಸ್-ಶೋರೂಮ್ ಬೆಲೆ ಒಂದೇ, ಒಬ್ಬ ಡೀಲರ್ ಇನ್ನೊಬ್ಬನಿಂದ ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಹತ್ತು ಲಕ್ಷದ ಕಾರು ಕೊಳ್ಳುವವರಿಗೂ ಇಂಥದ್ದು ಬಂದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಚೌಕಾಸಿಯ ಅವಕಾಶ ಹೋಗುತ್ತದೆ ನಿಜ. ಆದರೆ ಚೌಕಾಸಿ ಬಾರದವರು ಮೋಸ ಹೋಗುವುದಾದರೂ ತಪ್ಪುತ್ತದೆ.

ಅಲ್ಲಿಯವರೆಗೆ ಬುಕಿಂಗ್ ಹಣ ಕೊಡುವ ಮೊದಲು ಸೇಲ್ಸ್‌ನವರಿಗೆ ಒಂದು ಇ-ಮೇಲ್ ಕಳಿಸಿ. ಹೀಗೆ ಬರೆದರೆ ಸಾಕು: "ನೀವು ಬೇರೆ ಡೀಲರ್‌ನಿಂದ ತರಿಸುತ್ತಿರುವ ಕಾರಿನ ಚಾಸಿ ನಂಬರ್, ತಯಾರಾದ ತಿಂಗಳು ತಿಳಿಸಿ. ಕಾರನ್ನು ಓಡಿಸಿಕೊಂಡು ತರುತ್ತೀರೋ ಟ್ರಕ್ಕಿನಲ್ಲೋ ತಿಳಿಸಿ. ಆನ್-ರೋಡ್ ಬೆಲೆಯಲ್ಲಿ ಟ್ರಾನ್ಸ್‌ಫರ್ ಖರ್ಚು ಸೇರಿದೆಯೇ, ಸೇರಿದ್ದರೆ ಎಷ್ಟು? ಕಾರು ಬಂದ ಮೇಲೆ ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಬುಕಿಂಗ್ ಹಣ ಪೂರ್ತಿ ವಾಪಸ್ ಕೊಡುತ್ತೀರಾ?" ಉತ್ತರ ಬರಹದಲ್ಲೇ ಬರಲಿ. ಕೊನೆಯ ಪ್ರಶ್ನೆಗೆ ಹೌದು ಎನ್ನದ ಶೋರೂಮಿನಲ್ಲಿ ನಾನಾದರೆ ಬೇರೆ ಊರಿನ ಸ್ಟಾಕ್ ತೆಗೆದುಕೊಳ್ಳುವುದಿಲ್ಲ. ಕಂಪನಿಯಿಂದಲೇ ಹೊಸದು ಬರಲಿ ಅಂತ ಮೂರು ನಾಲ್ಕು ವಾರ ಕಾಯುತ್ತೇನೆ. ಕಾಯುವುದಕ್ಕೆ ಚಾರ್ಜ್ ಇಲ್ಲ.

ಆಗಲೇ ಹಣ ಕೊಟ್ಟು ಮೋಸ ಹೋದೆವು ಎನ್ನುವವರು ಮೊದಲು ಡೀಲರ್‌ಗೆ ಬರೆದು, ಆ ಮೊತ್ತಕ್ಕೆ ಜಿಎಸ್‌ಟಿ ಬಿಲ್ ಕೊಡಿ ಇಲ್ಲವೇ ಹಣ ವಾಪಸ್ ಮಾಡಿ ಎಂದು ಕೇಳಲಿ. ಪ್ರತಿಯನ್ನು ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೂ ಕಳಿಸಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಅದಕ್ಕೆ ಮೇಲ್ಪಟ್ಟು ಹತ್ತು ಲಕ್ಷದವರೆಗೆ 200 ರೂಪಾಯಿ, ಇಪ್ಪತ್ತು ಲಕ್ಷದವರೆಗೆ 400. ವಕೀಲರಿಲ್ಲದೆ ನೀವೇ ವಾದಿಸಬಹುದು. ಕೊಟೇಶನ್ ಹಾಳೆ, ಹಣ ಕೊಟ್ಟ ರಸೀದಿ ಅಥವಾ ಯುಪಿಐ ದಾಖಲೆ, ವಾಟ್ಸಾಪ್ ಮಾತುಕತೆ ಇವನ್ನು ಅಳಿಸದೆ ಇಟ್ಟುಕೊಂಡಿರಬೇಕು. ಪೆನ್ನಿನಲ್ಲಿ ಬರೆದದ್ದಾದರೂ ಸರಿ, ಆ ಹಾಳೆಯ ಫೋಟೋ ತೆಗೆದಿಡಿ.